ಹಳೆಯ ಜೀಪಿಗೆ ದೊಡ್ಡ ಟಯರು: ಲಾಭವೆಷ್ಟು, ಹೊರೆಯೆಷ್ಟು?

ಕಾಸರಗೋಡಿನ ಮೂಡು ಭಾಗದ ಗುಡ್ಡದ ಊರುಗಳಲ್ಲಿ ಹಳೆಯ ಜೀಪು ಇಂದಿಗೂ ದುಡಿಯುವ ವಾಹನ. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯ ತೋಟಗಳಿಂದ ಅಡಿಕೆ ಮೂಟೆ ಇಳಿಸಲು, ಗೊಬ್ಬರ ಏರಿಸಲು, ಹೊತ್ತಲ್ಲದ ಹೊತ್ತಿನಲ್ಲಿ ರೋಗಿಯನ್ನು ಪೇಟೆಗೆ ಮುಟ್ಟಿಸಲು ಅದೇ ಬೇಕು. ಇಂಥ ನಾಲ್ಕು ಚಕ್ರ ಚಾಲನೆಯ ಜೀಪುಗಳಿಗೆ ಮೂಲ ಅಳತೆಗಿಂತ ದೊಡ್ಡ ಟಯರು ಹಾಕಿಸುವ ಆಸೆ ಹಲವರಲ್ಲಿದೆ. ಇದು ಬರಿಯ ಷೋಕಿಯ ಪ್ರಶ್ನೆಯಲ್ಲ. ಜೀಪಿನಲ್ಲಿ ಕುಳಿತವರ ಜೀವದ ಪ್ರಶ್ನೆಯೂ ಹೌದು, ಕಾನೂನಿನ ಪ್ರಶ್ನೆಯೂ ಹೌದು.

ಆಸೆಗೆ ಕಾರಣವಿಲ್ಲದಿಲ್ಲ. ಮಳೆಗಾಲದಲ್ಲಿ ಕೊರೆದುಹೋದ ತೋಟದ ದಾರಿಯಲ್ಲಿ ಕಲ್ಲಿಗೆ ಮೊದಲು ತಾಗುವುದು ಆಕ್ಸಲಿನ ನಡುವಿನ ಗುಂಡು. ಸ್ಪ್ರಿಂಗು ಎತ್ತರಿಸಿದರೆ ಬಾಡಿ ಮೇಲೇರುತ್ತದೆಯೇ ಹೊರತು ಆಕ್ಸಲು ಏರುವುದಿಲ್ಲ. ಅದನ್ನು ಎತ್ತಬಲ್ಲದ್ದು ಟಯರು ಮಾತ್ರ. ಆದರೆ ಲೆಕ್ಕ ನೋಡೋಣ. ಹಲವು ಹಳೆಯ ಜೀಪುಗಳಿಗೆ ಬಂದ 6.00-16 ಟಯರಿನ ಎತ್ತರ ಸುಮಾರು 28.5 ಇಂಚು, 7.00-16ರದ್ದು ಸುಮಾರು 30.7 ಇಂಚು. ವ್ಯತ್ಯಾಸದ ಅರ್ಧ ಮಾತ್ರ ಆಕ್ಸಲಿಗೆ ದಕ್ಕುವುದರಿಂದ ಲಾಭ ಒಂದು ಇಂಚಿಗಿಂತ ತುಸು ಹೆಚ್ಚು, ಅಷ್ಟೆ.

ಈ ಒಂದು ಇಂಚಿಗೆ ತೆರುವ ಬೆಲೆಯನ್ನೂ ನೋಡಬೇಕು. ಚಕ್ರ ಶೇಕಡಾ 8ರಷ್ಟು ದೊಡ್ಡದಾದರೆ ಎಳೆತ ಅಷ್ಟೇ ಕುಗ್ಗುತ್ತದೆ. ಮೂಟೆ ಹೇರಿ ಚಡಾವು ಏರುವಾಗ ಇಂಜಿನು ತಿಣುಕುತ್ತದೆ, ಕ್ಲಚ್ಚು ಸುಡುತ್ತದೆ. ಇಳಿಜಾರಿನಲ್ಲಿ ಅದೇ ಜೀಪನ್ನು ನಿಲ್ಲಿಸಲು ಬ್ರೇಕಿಗೆ ಹೆಚ್ಚು ಬಲ ಬೇಕು. ಹಳೆಯ ಡ್ರಮ್ಮು ಬ್ರೇಕು ನೀರು ಕುಡಿದಿದ್ದರಂತೂ ಕೇಳುವುದೇ ಬೇಡ. ಸ್ಟೇರಿಂಗು ಪೂರ್ತಿ ತಿರುಗಿಸಿದಾಗ ಟಯರು ಸ್ಪ್ರಿಂಗಿಗೋ ಮಡ್‌ಗಾರ್ಡಿಗೋ ಉಜ್ಜಬಹುದು. ಬೇರಿಂಗು, ಆಕ್ಸಲುಗಳ ಮೇಲಿನ ಹೊರೆ ಬೇರೆ. ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು ಅಳತೆಯ ಟಯರು ಇಟ್ಟು ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರದ ಗೇರು ಹಾಕಿದರೆ ಗೇರುಪೆಟ್ಟಿಗೆಯೇ ಕೆಟ್ಟೀತು. ಸ್ಪೀಡೋಮೀಟರಿನ ಮುಳ್ಳೂ ಸುಳ್ಳಾಡುತ್ತದೆ: ಅದು 60 ತೋರಿಸುವಾಗ ಜೀಪು 65ರ ಸಮೀಪ ಓಡುತ್ತಿರುತ್ತದೆ. ರಸ್ತೆಬದಿಯ ಕ್ಯಾಮರಾ ನಿಜವಾದ ವೇಗವನ್ನು ಅಳೆಯುತ್ತದೆಯೇ ಹೊರತು ಮುಳ್ಳನ್ನು ನೋಡುವುದಿಲ್ಲ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ಕಲಮನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಆಗಬಹುದು. 2024ರಲ್ಲಿ ಕೇರಳ ಹೈಕೋರ್ಟು ರೂಪ ಬದಲಿಸಿದ ವಾಹನಗಳ ಮೇಲೆ ಕಠಿಣ ಕ್ರಮಕ್ಕೆ ಸೂಚಿಸಿತು. ಆ ಮಾದರಿಗೆ ತಯಾರಕರೇ ಒಪ್ಪಿದ ಅಳತೆಯಾದರೆ ಚಿಂತೆಯಿಲ್ಲ. ಅದನ್ನು ಮೀರಿದರೆ ಅಧಿಕಾರಿಗಳು ಪ್ರಶ್ನಿಸಬಹುದು. ಅಪಘಾತವಾದಾಗ ವಿಮಾ ಕಂಪೆನಿ ಪರಿಹಾರಕ್ಕೆ ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಕಾನೂನು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಮೆರವಣಿಗೆಗಾಗಿ ರೂಪ ಬದಲಿಸಿದ ವಾಹನವೂ ತೋಟದ ದಾರಿಯಲ್ಲಿ ತಿಣುಕುವ ರೈತನ ಜೀಪೂ ಒಂದೇ ಅಲ್ಲ. ಯಾವ ಹಳೆಯ ಮಾದರಿಗೆ ಯಾವ ಅಳತೆ ಸಲ್ಲುತ್ತದೆ ಎಂಬುದನ್ನು ಸಾರಿಗೆ ಇಲಾಖೆ ದಂಡ ಹಾಕುವ ಮೊದಲು ತಿಳಿಸಬೇಕು. ಈ ಜಿಲ್ಲೆಯಲ್ಲಿ ಕನ್ನಡದಲ್ಲಿಯೂ ತಿಳಿಸಬೇಕು. ಮಲೆಯಾಳದ ನೋಟೀಸು ಓದಲಾರದ ಹಿರಿಯನಿಗೆ ನಿಯಮ ಗೊತ್ತಾಗುವುದು ದಂಡದ ಚೀಟಿ ಬಂದಾಗ ಎಂದಾಗಬಾರದು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಟಯರು ಕೊಳ್ಳುವ ಮೊದಲು ಆರ್.ಟಿ.ಒ. ಕಚೇರಿಗೆ ಕನ್ನಡದಲ್ಲಿಯೇ ಬರೆದು ಕೇಳಿ, ಬಂದ ಉತ್ತರವನ್ನು ಜೋಪಾನ ಮಾಡಿಕೊಳ್ಳುವುದು ಜಾಣತನ.

ಅಲ್ಲಿಯವರೆಗೆ ಮೂಲ ಅಳತೆಯಲ್ಲೇ ಕೆಸರಿಗೆ ಒಗ್ಗುವ ಆಳವಾದ ಗೆರೆಯ ಐದು ಹೊಸ ಟಯರು, ಸರಿಯಾದ ಗಾಳಿ, ಬಿಗಿಯಾದ ಬ್ರೇಕು, ಇಷ್ಟಿದ್ದರೆ ಹೆಚ್ಚಿನ ಕೆಲಸ ನಡೆಯುತ್ತದೆ. ಉಳಿದದ್ದು ದಾರಿಯ ಮಾತು. ಕೊರೆದುಹೋದ ದಾರಿಗೆ ಚರಂಡಿ ತೋಡಿ ಕಲ್ಲು ಹಾಸುವ ಹೊಣೆ ಪಂಚಾಯತಿನದು. ಅದನ್ನು ಕೇಳದೆ ಜೀಪನ್ನೇ ಎತ್ತರಿಸುತ್ತ ಹೋದರೆ ಜೀಪಿಲ್ಲದ ನೆರೆಮನೆಯವನು ಆ ದಾರಿಯಲ್ಲಿ ನಡೆದೇ ಹೋಗಬೇಕಾಗುತ್ತದೆ.