ಜಾಳು ಬಟ್ಟೆಯೂ ಅಚೌರ್ಯವ್ರತವೂ



ಸೋಲಾಪುರ, ಅಕ್ಕಲಕೋಟ ಭಾಗದ ಬೇಸಿಗೆಯಲ್ಲಿ ಒರಟು ನೂಲಿನ ಜಾಳು ಹತ್ತಿ ಬಟ್ಟೆ ಮೈಗೆ ಬಹಳ ಹಿತ. ಹಾಸು-ಹೊಕ್ಕುಗಳ ನಡುವೆ ಗಾಳಿಯಾಡುತ್ತದೆ, ಬೆವರು ಬೇಗ ಆರುತ್ತದೆ. ಅಂಗಿ, ಬಂಡಿ, ಜುಬ್ಬಗಳಿಗೆ ಅದು ಒಪ್ಪುವ ಬಟ್ಟೆ. ಜಾಳಾಗಿರುವುದೇ ಅದರ ಗುಣ.

ಆದರೆ ಇದೇ ಬಟ್ಟೆಗೆ ಗಂಜಿ ತುಂಬಿ, ಗಟ್ಟಿ ನೇಯ್ಗೆಯದೆಂದು ಮಾರುವುದೂ ಉಂಟು. ಮೊದಲ ಒಗೆತಕ್ಕೇ ಗಂಜಿ ಹೋಗಿ ಬಟ್ಟೆ ಕುಗ್ಗುತ್ತದೆ. ಹೊಲಿಗೆಯ ಬಳಿ ಎಳೆ ಜಾರುತ್ತದೆ. ಕೂಲಿಯ ದುಡ್ಡಿನಲ್ಲಿ ಕೊಂಡವನಿಗೆ ಆ ನಷ್ಟ ಸಣ್ಣದಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ 5 ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಒಳ್ಳೆಯ ಸರಕಿನ ಹೆಸರಿನಲ್ಲಿ ಅದರಂತೆ ಕಾಣುವ ಕೀಳು ಸರಕು ಕೊಡುವುದೆಂದು ಅದರ ಅರ್ಥ. ಅಳತೆಯಲ್ಲಿ ಒಂದಿಂಚೂ ಕಡಿಮೆ ಮಾಡದ ನಾವು ಇದನ್ನು ಮರೆಯಬಾರದು.

ಥಾನು ಬಂದಾಗ ಅದರ ಅಂಚನ್ನು ಅಂಗೈಗಳ ನಡುವೆ ಉಜ್ಜಿ ನೋಡೋಣ. ಪುಡಿ ಉದುರಿದರೆ ಗಂಜಿ ಹೆಚ್ಚೆಂದು ತಿಳಿಯಬೇಕು. ತುಂಡೊಂದನ್ನು ಅಳೆದು, ಒಗೆದು, ಒಣಗಿಸಿ ಮತ್ತೆ ಅಳೆಯೋಣ. ಎಷ್ಟು ಕುಗ್ಗಿತೆಂಬುದನ್ನು ಗಿರಾಕಿಗೆ ಮೊದಲೇ ಹೇಳಿ, ನೀರಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಹೊಲಿಸಲು ತಿಳಿಸೋಣ. ಬಟ್ಟೆ ಜಾಳಿದ್ದರೂ ಮಾತು ಗಟ್ಟಿಯಿರಲಿ.

ಜೈ ಜಿನೇಂದ್ರ.