ಭಾಷೆಗೆ ಬೈಗುಳ ಬೇರೆ, ಭಾಷಿಕರಿಗೆ ಬೆದರಿಕೆ ಬೇರೆ

2025ರ ಮೇ ಕೊನೆಯಲ್ಲಿ ನಟ ಕಮಲ್ ಹಾಸನ್ ಕನ್ನಡ ಹುಟ್ಟಿದ್ದೇ ತಮಿಳಿನಿಂದ ಅಂದಾಗ, ಗಡಿಯ ಈಚೆ ಆಂಧ್ರದಲ್ಲಿರೋ ನಮಗೂ ಸಿಟ್ಟು ಬಂತು. ಮಾತು ತಪ್ಪೇ. ಎರಡೂ ಮೂಲದ್ರಾವಿಡದಿಂದ ಕವಲೊಡೆದ ಸೋದರ ಭಾಷೆಗಳು. ಆದ್ರೆ ತಪ್ಪು ಮಾತೆಲ್ಲ ದ್ವೇಷ ಭಾಷಣ ಆಗಲ್ಲ. ಅವರ 'ಥಗ್ ಲೈಫ್' ಸಿನಿಮಾ ಕರ್ನಾಟಕದಲ್ಲಿ ಬಿಡುಗಡೆಯಾಗದಂತೆ ಆದಾಗ, ಗುಂಪುಗಳ ಬೆದರಿಕೆಗೆ ಕಾನೂನು ಮಣಿಯಬಾರದು ಅಂತ ಸುಪ್ರೀಂ ಕೋರ್ಟ್ ಜೂನ್‌ನಲ್ಲಿ ಹೇಳ್ತು. ನಮಗದು ಕಹಿ ಅನ್ನಿಸಿದ್ರೂ ಸರಿಯಾದ ಮಾತು.

ಹಿಂದೂಪುರ, ಕಲ್ಯಾಣದುರ್ಗದ ಕನ್ನಡಿಗರಾಗಿ ಇದನ್ನ ಯಾಕೆ ಹೇಳ್ತಿದೀವಿ ಅಂದ್ರೆ, ಇಲ್ಲಿ ನಾವು ಅಲ್ಪಸಂಖ್ಯಾತರು. ಕನ್ನಡ ಶಾಲೆಗೆ ಮೇಷ್ಟ್ರು ಕೊಡಿ, ಹೊತ್ತಿಗೆ ಸರಿಯಾಗಿ ಪಠ್ಯಪುಸ್ತಕ ಕೊಡಿ ಅಂತ ಪೋಸ್ಟ್ ಹಾಕ್ತೀವಿ. ಸಂವಿಧಾನದ 350ಎ ವಿಧಿಯೇ ಅದಕ್ಕೆ ಆಧಾರ. "ಇದು ತೆಲುಗಿನ ಮೇಲಿನ ದ್ವೇಷ" ಅಂತ ನಾಳೆ ಯಾರಾದ್ರೂ ಠಾಣೆಗೆ ಹೋದ್ರೆ? ಕಾನೂನಿನ ಪದಗಳು ಸಡಿಲವಾಗಿದ್ರೆ ಮೊದಲು ಸಿಕ್ಕಿಬೀಳೋರು ನಮ್ಮಂಥೋರೇ. ಕರ್ನಾಟಕದ ವಿಧಾನಮಂಡಲ 2025ರ ಡಿಸೆಂಬರ್‌ನಲ್ಲಿ ಒಪ್ಪಿದ ದ್ವೇಷ ಭಾಷಣ ಮಸೂದೆಯಲ್ಲೂ ಭಾಷೆ ಅನ್ನೋ ಪದ ಇದೆ, ಜೊತೆಗೆ 'ದುರ್ಭಾವನೆ' ಅನ್ನೋ ಅರ್ಥದ ಅಗಲವಾದ ಮಾತೂ ಇದೆ. ಅದು ನಮಗೆ ಅನ್ವಯಿಸಲ್ಲ, ಆದ್ರೂ ಅಂಥ ಪದದ ಅರ್ಥ ಕಟ್ಟೋದು ಸಬ್ ಇನ್ಸ್‌ಪೆಕ್ಟರ್ ಅನ್ನೋದನ್ನ ಮರೀಬಾರದು. 66ಎ ಸೆಕ್ಷನ್ ಇದೇ ಥರ ಸಡಿಲ ಅಂತಾನೇ 2015ರಲ್ಲಿ ರದ್ದಾಗಿದ್ದು.

ಹಂಗಂತ ಏನು ಬೇಕಾದ್ರೂ ಮಾತಾಡಬಹುದಾ? ಇಲ್ಲ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಹೆಸರಲ್ಲಿ ಬೆಂಗಳೂರಿನ ತಮಿಳರ ಮೇಲೆ ಬಿದ್ದ ಏಟು ನಮ್ಮ ಕಡೆಯವರದ್ದೇ. ಆಡೋ ಭಾಷೆ ನೋಡಿ ಜನರನ್ನ ಹೊಡೀರಿ, ಓಡಿಸಿ, ಕೆಲಸ ಕೊಡಬೇಡಿ ಅನ್ನೋದು ಅಭಿಪ್ರಾಯ ಅಲ್ಲ, ಏಟಿಗೆ ಮುನ್ನುಡಿ. ಅಲ್ಲಿ ತೆಲುಗು ಕೂಲಿಯವನಿಗೆ ಬೆದರಿಕೆ ಹಾಕಿದ್ರೆ ಅದರ ಬಿಸಿ ತಟ್ಟೋದು ಇಲ್ಲಿರೋ ನಮಗೆ.

ಇದಕ್ಕೆ ಕಾನೂನು ಆಗಲೇ ಇದೆ. ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ (ಹಳೇ 153ಎ) ಭಾಷೆಯ ಆಧಾರದಲ್ಲಿ ಗುಂಪುಗಳ ನಡುವೆ ಹಗೆ ಹುಟ್ಟಿಸಿದ್ರೆ ಮೂರು ವರ್ಷದವರೆಗೆ ಜೈಲು ಅನ್ನುತ್ತೆ. ಅದು ಕಾಯೋದು ಜನರನ್ನ, ಭಾಷೆಯ ಪ್ರತಿಷ್ಠೆಯನ್ನಲ್ಲ. ಆಂಧ್ರದಿಂದಲೇ ಹೋದ ಬಿಲಾಲ್ ಅಹ್ಮದ್ ಕಾಲೂ ಕೇಸಲ್ಲಿ, 1997ರಲ್ಲಿ, ಈ ಅಪರಾಧಕ್ಕೆ ಕೆಟ್ಟ ಉದ್ದೇಶ ಇರಬೇಕು, ಕನಿಷ್ಠ ಎರಡು ಸಮುದಾಯಗಳ ಪ್ರಸ್ತಾಪ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಮೇಷ್ಟ್ರು ಕೇಳೋದರಲ್ಲಿ ಇವೆರಡೂ ಇಲ್ಲ.

ಆದ್ದರಿಂದ ಗೆಳೆಯರೇ, ಕನ್ನಡವನ್ನ ಹೀಯಾಳಿಸಿದ ಪೋಸ್ಟ್ ಕಂಡ್ರೆ ಉತ್ತರ ಬರೀರಿ. ಕನ್ನಡದೋರನ್ನ ಹೊಡೀರಿ, ಓಡಿಸಿ ಅನ್ನೋ ಪೋಸ್ಟ್ ಕಂಡ್ರೆ ತಾರೀಖು, ಲಿಂಕ್ ಸಮೇತ ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ಕೊಡಿ. ಬರೆದೋರು ಕನ್ನಡಿಗರೇ ಆಗಿ, ಗುರಿ ತೆಲುಗರಾಗಿದ್ರೂ ಅಷ್ಟೇ.