ಅಪರೂಪ ಅನ್ನುವುದು ಹೊಗಳಿಕೆಯಲ್ಲ

‘ಈ ಪುಸ್ತಕ ನನ್ನ ಹತ್ತಿರ ಇದೆ, ಬೇರೆ ಯಾರ ಹತ್ತಿರವೂ ಇಲ್ಲ.’ ಹಳೆಯ ಪುಸ್ತಕ ಕೂಡಿಡುವವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಾತಿನ ಮೊದಲರ್ಧದ ಬಗ್ಗೆ ತಕರಾರಿಲ್ಲ. ಎರಡನೆಯ ಅರ್ಧ ಹೇಳುವಾಗ ಅವರ ಮುಖದ ಮೇಲೆ ಮೂಡುವ ಹಿಗ್ಗಿನ ಬಗ್ಗೆ ತಕರಾರು. ಬೇರೆ ಯಾರ ಹತ್ತಿರವೂ ಇಲ್ಲ ಅಂದರೆ ಅದು ಕೆಟ್ಟ ಸುದ್ದಿ. ಊರಿನ ಬಾವಿಗಳೆಲ್ಲ ಬತ್ತಿ ನನ್ನ ಹಿತ್ತಲಿನದೊಂದೇ ಉಳಿದಿದೆ ಎಂದು ಯಾರಾದರೂ ಪೇಟ ಸುತ್ತಿಕೊಂಡು ಮೆರೆಯುತ್ತಾರೆಯೇ?

ನಾನೂ ಹಳೆಯ ಪುಸ್ತಕ ಹುಡುಕುತ್ತ ತಿರುಗುವವನೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಸಂತೆ, ರದ್ದಿ ಅಂಗಡಿ, ಮಠದ ಅಟ್ಟ, ನಿವೃತ್ತ ಮಾಸ್ತರರ ಟ್ರಂಕು, ಇವೇ ನನ್ನ ಭಾನುವಾರಗಳು. ಹಾಗಾಗಿ ಇದನ್ನು ಹೊರಗಿನವನ ಟೀಕೆ ಅಂತ ತಿಳಿಯಬೇಡಿ, ಮನೆಯೊಳಗಿನ ಜಗಳ ಅಂತಲೇ ತಿಳಿಯಿರಿ.

‘ಗರತಿಯ ಹಾಡು’ ಎಂಬ ಸಂಕಲನವನ್ನೇ ತೆಗೆದುಕೊಳ್ಳಿ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದ ಗೆಳೆಯರು ಕೂಡಿ, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ಹೊರತಂದರು. ಮುಂದೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಬಂದವು. ಸಾವಿರಾರು ಬಾಯಿಗಳಲ್ಲಿ ಇದ್ದ ಹಾಡು ಅದು, ಯಾರ ಸ್ವತ್ತೂ ಆಗಿರಲಿಲ್ಲ. ಆ ಬಾಯಿಗಳು ಸುಮ್ಮನಾಗುವ ಮೊದಲು ಹಿಡಿದಿಡಬೇಕು, ಹಿಡಿದದ್ದನ್ನು ಹಂಚಬೇಕು ಅಂತಲೇ ಗೆಳೆಯರು ಪುಸ್ತಕ ಮಾಡಿದ್ದು. ಇವತ್ತು ಅದರ ಮೊದಲ ಮುದ್ರಣದ ಪ್ರತಿಗೆ ಕೆಲವರು ‘ಅಪರೂಪ’ ಅಂತ ಚೀಟಿ ಅಂಟಿಸಿ ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಬೀಸುಕಲ್ಲಿನ ಹಾಡಿಗೆ ಗಾಜಿನ ಕಪಾಟು!

ನಮ್ಮ ಕಡೆಯ ಪುಸ್ತಕಗಳು ಅಪರೂಪವಾಗಲು ಒಂದು ಸರ್ಕಾರಿ ಕಾರಣವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. 1867ರ ಕಾಯ್ದೆಯ ಪ್ರಕಾರ ಮುದ್ರಕರು ತಾವು ಅಚ್ಚು ಹಾಕಿದ ಪುಸ್ತಕದ ಪ್ರತಿಗಳನ್ನು ತಮ್ಮ ಪ್ರಾಂತ್ಯದ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ವಿಜಯಪುರ, ಧಾರವಾಡ, ಬೆಳಗಾವಿ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ನಮ್ಮ ಪ್ರತಿಗಳು ಹೋದದ್ದು ಆ ಕಡೆಗೆ. 1956ರಲ್ಲಿ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು, ಪುಸ್ತಕಗಳು ಅವುಗಳ ಹಿಂದೆ ಬರಲಿಲ್ಲ. ಮನೆ ಮನೆಯಲ್ಲಿ ಉಳಿದ ಒಂದೆರಡು ಪ್ರತಿಗಳೇ ನಮ್ಮ ಗ್ರಂಥಾಲಯ. ಅದಕ್ಕೇ ಮನೆಯವರ ಮೇಲೆ, ಸಂಗ್ರಾಹಕರ ಮೇಲೆ ಇಷ್ಟು ಭಾರ ಬಿದ್ದಿರುವುದು.

ಆ ಭಾರವನ್ನು ಹೊರುವುದು ಹೇಗೆಂದು ತೋರಿಸಿದವರೂ ಇದೇ ಜಿಲ್ಲೆಯಲ್ಲಿ ಬಾಳಿದವರು. ಫ. ಗು. ಹಳಕಟ್ಟಿ ವಕೀಲರು. ಹುಟ್ಟಿದ್ದು 1880ರಲ್ಲಿ, ಧಾರವಾಡದಲ್ಲಿ. ವಕೀಲಿಗೆ ನೆಲೆ ನಿಂತದ್ದು ವಿಜಯಪುರದಲ್ಲಿ. ಹಳ್ಳಿ ಹಳ್ಳಿ ತಿರುಗಿ, ಮನೆಗಳಿಂದ ಮಠಗಳಿಂದ ಸಾವಿರಕ್ಕೂ ಹೆಚ್ಚು ತಾಡೋಲೆ ಕಟ್ಟುಗಳನ್ನು ಕೂಡಿಸಿದರು. ಇಷ್ಟಕ್ಕೇ ನಿಂತಿದ್ದರೆ ಅವರೂ ಒಬ್ಬ ದೊಡ್ಡ ಸಂಗ್ರಾಹಕರು, ಅಷ್ಟೆ. ಅವರು ಆ ಕಟ್ಟುಗಳನ್ನು ಬಿಚ್ಚಿದರು, ಓದಿದರು, ಒಂದು ಪ್ರತಿಯನ್ನು ಇನ್ನೊಂದರ ಜೊತೆ ಹೋಲಿಸಿ ನಕಲು ಮಾಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು. 1925ರಲ್ಲಿ ಇದ್ದ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ. ಅಪರೂಪದ ವಸ್ತು ಕೈಗೆ ಬಂದ ಮನುಷ್ಯ ಅದರ ಅಪರೂಪವನ್ನು ಮುಗಿಸುವುದಕ್ಕೆ ತನ್ನ ಮನೆಯನ್ನೇ ಮಾರಿದ. ಇವತ್ತಿನ ಸಂಗ್ರಾಹಕ ಅದೇ ಅಪರೂಪವನ್ನು ಉಳಿಸಿಕೊಳ್ಳುವುದಕ್ಕೆ ಮನೆಗೆ ಇನ್ನೊಂದು ಕೀಲಿ ಹಾಕಿಸುತ್ತಾನೆ.

ಹಳಕಟ್ಟಿಯವರು ಬಿತ್ತಿದ್ದು ಎಲ್ಲಿ ಮುಟ್ಟಿತು ನೋಡಿ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ, ಸಮಗ್ರ ವಚನಗಳ 15 ಸಂಪುಟಗಳು ಸರ್ಕಾರದಿಂದ ಜನಪ್ರಿಯ ಆವೃತ್ತಿಯಾಗಿ ಬಂದವು. ಯಾರದೋ ಜಗಲಿಯ ಮೇಲಿದ್ದ ಗರಿ, ಒಬ್ಬ ವಕೀಲರ ನಕಲು, ಒಂದು ಸಣ್ಣ ಅಚ್ಚುಮನೆ, ಕಡೆಗೆ ಕಾಲೇಜು ಹುಡುಗನ ಕೈಚೀಲ. ಸಂಗ್ರಹ ಅಂದರೆ ನನ್ನ ಲೆಕ್ಕದಲ್ಲಿ ಈ ದಾರಿ. ನಡುವೆ ಎಲ್ಲಿಯಾದರೂ ಒಬ್ಬ ‘ನನ್ನದು, ಕೊಡುವುದಿಲ್ಲ’ ಅಂದಿದ್ದರೆ ಅಲ್ಲಿಗೇ ತುಂಡಾಗುತ್ತಿತ್ತು.

ಜುಲೈ 2, ಹಳಕಟ್ಟಿಯವರು ಹುಟ್ಟಿದ ದಿನ. ಅದನ್ನು ವಚನ ಸಾಹಿತ್ಯ ಸಂರಕ್ಷಣಾ ದಿನ ಅಂತ ಆಚರಿಸುತ್ತೇವೆ. ಫೋಟೊಕ್ಕೆ ಮಾಲೆ, ಎರಡು ಭಾಷಣ, ಉಪ್ಪಿಟ್ಟು. ಉಪ್ಪಿಟ್ಟಿನ ಬಗ್ಗೆ ನನಗೆ ಗೌರವವಿದೆ. ಆದರೆ ಆ ದಿನ ತಾಲ್ಲೂಕಿನಲ್ಲಿ ಒಂದೇ ಒಂದು ಕಟ್ಟು ಬಿಚ್ಚಿ ನೋಡುವ ಕಾರ್ಯಕ್ರಮವನ್ನು ನಾನು ಕಂಡಿಲ್ಲ.

ಸಂಗ್ರಾಹಕರನ್ನಷ್ಟೇ ಬೈದರೆ ನ್ಯಾಯವಾಗುವುದಿಲ್ಲ. ನಮ್ಮಲ್ಲಿ ಪುಸ್ತಕ ಹಾಳಾಗುವುದು ಅಸಡ್ಡೆಯಿಂದ ಎಷ್ಟೋ, ಭಕ್ತಿಯಿಂದಲೂ ಅಷ್ಟೇ. ಬಾಗೇವಾಡಿ ತಾಲ್ಲೂಕಿನ ಒಂದು ಮನೆಯಲ್ಲಿ ದೇವರ ಜಗಲಿಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟು ನೋಡಿದೆ. ವರ್ಷಗಟ್ಟಲೆ ಹಚ್ಚಿದ ಅರಿಷಿಣ ಕುಂಕುಮ ಗರಿಯ ಅಂಚಿಗೆ ಇಳಿದು ಗಟ್ಟಿಯಾಗಿತ್ತು.

‘ಯವ್ವಾ, ಇದರಾಗ ಏನೈತ್ರಿ?’

‘ಯಾರಿಗ್ಗೊತ್ತೋ ತಮ್ಮಾ. ನಮ್ಮ ಮಾವನವರ ಕಾಲದಿಂದ ಪೂಜಿ ಮಾಡ್ಕೋತ ಬಂದೀವಿ. ಬಿಚ್ಚಬಾರದಂತ.’

ಮೂರನೆಯ ಸಲ ಹೋದಾಗ ಬಿಚ್ಚಲು ಒಪ್ಪಿದರು. ಅರ್ಧ ಭಾಗ ದನಗಳ ಔಷಧ, ಉಳಿದದ್ದು ಯಾರೋ ಮಾಡಿಟ್ಟ ಕೊಡುಕೊಳ್ಳುವ ಲೆಕ್ಕ. ಮನೆಯವರಿಗೆ ಸ್ವಲ್ಪ ನಿರಾಶೆಯಾಯಿತು, ಬಸವಣ್ಣನ ವಚನವೇ ಇರಬೇಕು ಅಂದುಕೊಂಡಿದ್ದರು. ನನಗಂತೂ ಖುಷಿಯೇ. ಈ ಸೀಮೆಯಲ್ಲಿ ಎತ್ತಿಗೆ ಬೇನೆ ಬಂದರೆ ಏನು ಕುಡಿಸುತ್ತಿದ್ದರು ಅಂತ ಬರೆದಿಟ್ಟದ್ದು ಎಲ್ಲಿ ಸಿಗುತ್ತದೆ? ಇದೇ ರೀತಿ ಕಡತಗಳಿಗೂ ಆಗಿದೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ಈಗ ಕಡತ ಅಂದರೆ ತಹಶೀಲ್ದಾರರ ಕಚೇರಿಯಲ್ಲಿ ಮುಂದಕ್ಕೆ ಸರಿಯದ ವಸ್ತು ಅಂತ ಮಾತ್ರ ಎಲ್ಲರಿಗೂ ಗೊತ್ತು.

ಪೂಜೆ ನಿಂತ ಮೇಲೆ ಇನ್ನೂ ಕೆಟ್ಟದ್ದು. ಮನೆಯಲ್ಲಿ ಇಡಲಾರದ್ದನ್ನು ರದ್ದಿಗೆ ಹಾಕಬಾರದು ಅಂತ ಗಂಗೆಗೆ ಬಿಡುತ್ತಾರೆ. ಇಂಡಿ, ಸಿಂದಗಿಯವರಿಗೆ ಭೀಮೆ ಇದ್ದಾಳೆ, ಮುದ್ದೇಬಿಹಾಳ, ಬಾಗೇವಾಡಿಯವರಿಗೆ ಕೃಷ್ಣೆ. ಕೃಷ್ಣೆಯಂತೂ ತಾನಾಗಿಯೇ ಮೇಲೆ ಬಂದಳು. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರಿಗೆ ಹಳ್ಳಿಗಳು ಏಳಬೇಕಾಯಿತು. ಮನೆ ಬಿಚ್ಚಿ ತೊಲೆ, ಬಾಗಿಲು, ಚೌಕಟ್ಟು ಟ್ರ್ಯಾಕ್ಟರಿಗೆ ಹೇರಿದ ಕಥೆಯನ್ನು ಹಿರಿಯರು ಚಾಚೂ ತಪ್ಪದೆ ಹೇಳುತ್ತಾರೆ. ಅಟ್ಟದ ಮೇಲಿನ ಪುಸ್ತಕದ ಗಂಟು ಏನಾಯಿತು ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಅವರನ್ನು ದೂರುವುದು ಹೇಗೆ? ಹೊಲ ಮನೆ ಎರಡೂ ಹೋಗುವಾಗ ಗಂಟಿನ ನೆನಪಾಗುವುದು ಯಾರಿಗೆ? ಆದರೆ ಮುಳುಗುವ ಆಸ್ತಿಯ ಪಟ್ಟಿ ಮಾಡುವಾಗ ಮರಗಳನ್ನು, ಬಾವಿಗಳನ್ನು ಎಣಿಸುವ ಸರ್ಕಾರಕ್ಕೆ ಇದು ಎಣಿಸುವ ವಸ್ತು ಅನ್ನಿಸುವುದೇ ಇಲ್ಲ.

ಬಾಯಿ ತೆರೆದರೆ ನಮ್ಮವರು ‘ಬ್ರಿಟಿಷರು ಹೊತ್ತೊಯ್ದರು’ ಅನ್ನುತ್ತಾರೆ. ಹೌದು, ಒಯ್ದರು. ಆದಿಲಶಾಹಿ ಗ್ರಂಥಭಂಡಾರದಲ್ಲಿ ಅಳಿದುಳಿದು ಅಸರ ಮಹಲಿನಲ್ಲಿದ್ದ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳು 1853ರಲ್ಲಿ ಕಂಪನಿಯ ಕೈ ಸೇರಿ ಲಂಡನ್ನಿಗೆ ಹೋದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. 1570ರಲ್ಲಿ ವಿಜಯಪುರದಲ್ಲಿ ತಯಾರಾದ ‘ನುಜೂಮ್ ಅಲ್ ಉಲೂಮ್’ ಎಂಬ ಚಿತ್ರಗಳ ಗ್ರಂಥ ಡಬ್ಲಿನ್ನಿನಲ್ಲಿದೆ. ಅದನ್ನು ಕೊಂಡ ಚೆಸ್ಟರ್ ಬೀಟಿ ಗಣಿ ವ್ಯಾಪಾರದ ಸಾಹುಕಾರ, ತನ್ನ ಸಂಗ್ರಹವನ್ನೆಲ್ಲ ಸಾರ್ವಜನಿಕರಿಗೆ ಬರೆದಿಟ್ಟು ಸತ್ತ. ಲೂಟಿಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು. ಅಲ್ಲಿರುವುದರ ಪಟ್ಟಿ ನನಗೆ ಸಿಗುತ್ತದೆ, ಇಪ್ಪತ್ತು ಮೈಲಿ ಆಚೆ ನಮ್ಮದೇ ಊರಿನ ಕಪಾಟಿನಲ್ಲಿ ಇರುವುದರ ಪಟ್ಟಿ ಸಿಗುವುದಿಲ್ಲ ಅಂದರೆ ಯಾವುದು ಹೆಚ್ಚು ದೂರ ಹೋಗಿದೆ?

ಇದನ್ನೇ ಒಬ್ಬ ಸಂಗ್ರಾಹಕರ ಮುಂದೆ ಹೇಳಿದೆ. ದೊಡ್ಡ ಸಂಗ್ರಹ ಅವರದು, ಶ್ರಮವೂ ದೊಡ್ಡದು. ‘ನೋಡ್ರಿ, ಮುಟ್ರಿ, ಚಾ ಕುಡೀರಿ. ಫೋಟೊ ಮಾತ್ರ ಬ್ಯಾಡ್ರಿ’ ಅಂದರು. ಯಾಕೆ? ‘ಎಲ್ಲಾರ ಮೊಬೈಲಿನಾಗೂ ಬಂದ ಮ್ಯಾಲ ನನ್ನ ಪುಸ್ತಕಕ್ಕೇನು ಕಿಮ್ಮತ್ತು ಉಳೀತದ?’ ಪ್ರಾಮಾಣಿಕ ಉತ್ತರ. ಓದುಗರು ಹೆಚ್ಚಿದಷ್ಟೂ ತಮ್ಮ ಪುಸ್ತಕದ ಬೆಲೆ ಇಳಿಯುತ್ತದೆ ಅಂತ ಅವರಿಗೆ ಗಾಢವಾದ ನಂಬಿಕೆ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಸಕ್ಕರೆ ಕಾರ್ಖಾನೆಯ ಸಂಬಳದಲ್ಲಿ ಲಕ್ಷಗಟ್ಟಲೆ ಪುಸ್ತಕ ಕೂಡಿಸಿ ಯಾರು ಬಂದರೂ ಓದಲಿ ಅಂತ ಬಾಗಿಲು ತೆರೆದಿಟ್ಟರು. ಅವರ ಕಿಮ್ಮತ್ತೇನೂ ಇಳಿದಂತಿಲ್ಲ.

ಇನ್ನು ಕೆಲವರದು ಇದರ ತದ್ವಿರುದ್ಧ ವಾದ: ಎಲ್ಲ ಪಿಡಿಎಫ್ ಆಗಿದೆ, ಹಳೆಯ ಕಾಗದ ಯಾಕೆ ಬೇಕು? ವಿದ್ಯಾರ್ಥಿಗಳೇ ಹೆಚ್ಚಾಗಿ ಇದನ್ನು ಕೇಳುತ್ತಾರೆ, ಅವರಿಗೆ ಹೇಳುವುದಿದೆ. ಎಲ್ಲವೂ ಆಗಿಲ್ಲ. ಆದದ್ದರಲ್ಲೂ ರಕ್ಷಾಪುಟ, ಜಾಹೀರಾತು, ಚಂದಾದಾರರಿಗೆ ಬರೆದ ವಿನಂತಿ, ಹಿಂದಿನ ಮಾಲೀಕರ ಸಹಿ ಎಷ್ಟೋ ಸಲ ಬಿಟ್ಟುಹೋಗಿರುತ್ತವೆ. ಹಳೆಯ ಪತ್ರಿಕೆಯ ಸಂಚಿಕೆಯೊಂದರ ಕೊನೆಯ ಪುಟದಲ್ಲಿ ಬಾಕಿ ಚಂದಾ ಕಳಿಸಿ ಎಂಬ ಗೋಗರೆತವಿದ್ದರೆ, ಆ ಪತ್ರಿಕೆ ಯಾವ ಕಷ್ಟದಲ್ಲಿ ನಡೆಯುತ್ತಿತ್ತು ಅಂತ ಅದೇ ಹೇಳುತ್ತದೆ. ಮರುಮುದ್ರಣದಲ್ಲಿ ಆ ಪುಟ ಇರುವುದಿಲ್ಲ. ಕಾಗದ ಉಳಿಯಬೇಕು, ಚಿತ್ರವೂ ಎಲ್ಲರಿಗೆ ಸಿಗಬೇಕು. ಎರಡೂ ಬೇಕು ಅನ್ನುವುದು ಅತಿಯಾಸೆಯೇನಲ್ಲ.

‘ಕೊಟ್ಟ ಪುಸ್ತಕ ವಾಪಸ್ ಬರುವುದಿಲ್ಲ’ ಎಂಬ ದೂರು ಮಾತ್ರ ನೂರಕ್ಕೆ ನೂರು ನಿಜ. ಸಂಶೋಧಕರೇ ನುಂಗಿದ ಉದಾಹರಣೆಗಳಿವೆ. ಅದಕ್ಕೇ ನಾನು ಯಾರ ಪುಸ್ತಕವನ್ನೂ ಕೇಳುತ್ತಿಲ್ಲ. ಪಟ್ಟಿ ಕೇಳುತ್ತಿದ್ದೇನೆ. ಹೆಸರು, ಬರೆದವರು, ಅಚ್ಚಾದ ಊರು, ವರ್ಷ, ಪುಟ, ಯಾವ ಸ್ಥಿತಿಯಲ್ಲಿದೆ, ಇಷ್ಟೇ. ಮನೆಯ ಹೆಸರು ಹಾಕಲು ಹೆದರಿಕೆಯಿದ್ದರೆ ಹಾಕಬೇಡಿ, ತಾಲ್ಲೂಕಿನ ಹೆಸರು ಸಾಕು.

ಕಾನೂನಿನ ನೆಪವೂ ಈಗ ಉಳಿದಿಲ್ಲ. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕ ತೀರಿದ ಮೇಲೆ 60 ವರ್ಷ. ಮಧುರಚೆನ್ನರು ತೀರಿದ್ದು 1953ರಲ್ಲಿ, ಅವರ ‘ನನ್ನ ನಲ್ಲ’ 2014ರ ಆರಂಭದಿಂದ ಎಲ್ಲರದು. ಹಳಕಟ್ಟಿಯವರು ತೀರಿದ್ದು 1964ರ ಜೂನ್ 29ರಂದು, 2025ರ ಜನವರಿ 1ರಿಂದ ಅವರ ಬರಹ ಯಾರು ಬೇಕಾದರೂ ಅಚ್ಚು ಹಾಕಬಹುದು, ಜಾಲತಾಣದಲ್ಲಿ ಏರಿಸಬಹುದು. ಆ ದಿನ ನಮ್ಮ ಜಿಲ್ಲೆಯಲ್ಲಿ ಹಬ್ಬವಾಗಬೇಕಿತ್ತು. ನಾನಿದ್ದಲ್ಲಿ ಯಾರಿಗೂ ಅದರ ಸುಳಿವೇ ಇರಲಿಲ್ಲ.

ದುಡ್ಡಿಲ್ಲ ಅನ್ನುತ್ತೀರಾ? ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಶಾಸನದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ವಿಷಯವಿದೆ. ಹೊರನಾಡಿನಿಂದ ಬರುವ ವಿದ್ಯಾರ್ಥಿಗಳಿಗೆ 27 ವಸತಿಮನೆ, ದೀಪಕ್ಕೆ ಬೇರೆ ಭೂಮಿ. ಅದಲ್ಲದೆ ಊರಿನಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿಯಾದರೆ ಎರಡೂವರೆ. ಇವತ್ತು ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರ ಸೇರಿರುತ್ತದೆ, 1965ರ ಕಾಯ್ದೆಯ ಫಲ. ನಾವು ಕೊಡುತ್ತಲೇ ಇದ್ದೇವೆ. ತಾಲ್ಲೂಕು ಗ್ರಂಥಾಲಯದಲ್ಲಿ ‘ನಮ್ಮ ತಾಲ್ಲೂಕಿನ ಪುಸ್ತಕ’ ಅಂತ ಒಂದು ಕಪಾಟು, ಒಂದು ದಪ್ಪ ರಿಜಿಸ್ಟರು, ಚಿತ್ರ ತೆಗೆಯಲು ಒಂದು ಮೇಜು ದೀಪ ಕೇಳುವ ಹಕ್ಕು ಆ ರಸೀದಿಯಲ್ಲೇ ಇದೆ. ನಿಮ್ಮ ರಸೀದಿ ತೆಗೆದುಕೊಂಡು ಹೋಗಿ ಕೇಳಿ.

ನನ್ನ ಪಟ್ಟಿ ಸಿದ್ಧವಾಗಿದೆ. 214 ಪುಸ್ತಕ, ಮೂರು ಕಟ್ಟು, ಒಂದು ಕಡತ. 38 ಪುಸ್ತಕಗಳಿಗೆ ರಕ್ಷಾಪುಟವಿಲ್ಲ, ಹನ್ನೊಂದಕ್ಕೆ ಹುಳ ಬಿದ್ದಿದೆ, ಒಂದು ಕಟ್ಟಿನ ಲಿಪಿ ನನಗೆ ಪೂರ್ತಿ ಓದಲು ಬರುತ್ತಿಲ್ಲ. ಬರುವ ಜುಲೈ 2ರಂದು ಸಿಂದಗಿಗೆ ಬನ್ನಿ. ಓದಲು ಬರುವವರು ಆ ಕಟ್ಟಿನ ಮುಂದೆ ಕೂಡಲಿ, ಬಾರದವರು ಮೊಬೈಲು ಚಾರ್ಜ್ ಮಾಡಿಕೊಂಡು ಬರಲಿ. ಉಪ್ಪಿಟ್ಟು ನನ್ನ ಖರ್ಚು.